ಆರು ಮೀಟರ್ ಆಳದಲ್ಲಿ ಒಂದು ಹಡಗು

ಅಕ್ಕಿಆಲೂರಿನಂಥ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಹಡಗು ಎಂಬುದು ಪಠ್ಯಪುಸ್ತಕದ ಒಂದು ಚಿತ್ರ. ಹಾನಗಲ್ ಸೀಮೆಯಲ್ಲಿ ಕೆರೆಗಳಿಗೇನೂ ಕೊರತೆಯಿಲ್ಲ. ಭತ್ತದ ಗದ್ದೆಗೆ ನೀರುಣಿಸುವ ಕೆರೆ, ಕೆರೆಯ ಕೋಡಿ, ಕೋಡಿಯ ಕೆಳಗಿನ ಹಳ್ಳ. ನಮ್ಮ ಜಲಭೂಗೋಳ ಅಲ್ಲಿಗೆ ಮುಗಿಯುತ್ತಿತ್ತು. ಸಮುದ್ರ ನೋಡಬೇಕೆಂದರೆ ಶಿರಸಿ ದಾಟಿ, ಘಟ್ಟ ಇಳಿದು ಕುಮಟೆ ತಲುಪಬೇಕು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಅರವತ್ತು ದಾಟಿದ ಮೇಲೆ ಕೆನಡಾದ ತಣ್ಣನೆಯ ಸರೋವರವೊಂದರಲ್ಲಿ, 1885ರಲ್ಲಿ ಮುಳುಗಿದ ಹಡಗಿನ ಪಕ್ಕದಲ್ಲಿ ಅರ್ಧ ಗಂಟೆ ಕಳೆದು ಬಂದೆನೆಂದರೆ ನಮ್ಮೂರ ಕಟ್ಟೆಯ ಮೇಲೆ ಯಾರೂ ಒಮ್ಮೆಗೇ ನಂಬಲಿಲ್ಲ. ಅವರ ಅನುಮಾನ ಸಹಜವೇ. ಆದರೆ ನಾನು ಇದನ್ನು ಸಾಹಸದ ಕಥೆಯೆಂದು ಬರೆಯುತ್ತಿಲ್ಲ. ಅಲ್ಲಿ ಸಾಹಸಕ್ಕೆ ಅವಕಾಶವೇ ಇಲ್ಲದಂತೆ ಎಲ್ಲವನ್ನೂ ಏರ್ಪಡಿಸಿದ್ದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಏರ್ಪಾಟು.

ಟೊರಾಂಟೊದಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಹ್ಯೂರಾನ್ ಸರೋವರದೊಳಕ್ಕೆ ಚಾಚಿರುವ ಬ್ರೂಸ್ ಪರ್ಯಾಯದ್ವೀಪದ ತುದಿಯಲ್ಲಿ ಟೋಬರ್ಮೊರಿ ಎಂಬ ಪುಟ್ಟ ಊರಿದೆ. ಅದರ ಸುತ್ತಲಿನ ನೀರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳು ಮುಳುಗಿ ಮಲಗಿವೆ. 1987ರಲ್ಲಿ ಕೆನಡಾ ಸರ್ಕಾರ ಆ ಪ್ರದೇಶವನ್ನು ‘ಫ್ಯಾದಮ್ ಫೈವ್’ ರಾಷ್ಟ್ರೀಯ ಜಲೋದ್ಯಾನವೆಂದು ಘೋಷಿಸಿತು. ಅಲ್ಲಿನ ‘ಬಿಗ್ ಟಬ್’ ಎಂಬ ಬಂದರುಕೊಲ್ಲಿಯಲ್ಲಿ, ಕೇವಲ ಆರು ಮೀಟರ್ ಆಳದಲ್ಲಿ, ‘ಸ್ವೀಪ್‌ಸ್ಟೇಕ್ಸ್’ ಎಂಬ ಎರಡು ಕಂಬದ ಹಾಯಿಹಡಗು ಇದೆ. 1867ರಲ್ಲಿ ಕಟ್ಟಿದ್ದು, ಉದ್ದ ಸುಮಾರು 36 ಮೀಟರ್. 1885ರ ಆಗಸ್ಟ್‌ನಲ್ಲಿ ಕಲ್ಲಿದ್ದಲು ಹೊತ್ತು ಸಾಗುತ್ತಿದ್ದಾಗ ಕೋವ್ ದ್ವೀಪದ ಬಳಿ ಪೆಟ್ಟು ತಿಂದಿತು. ಎಳೆದು ತಂದು ಈ ಕೊಲ್ಲಿಯಲ್ಲಿ ನಿಲ್ಲಿಸಿದರು. ರಿಪೇರಿ ಅಸಾಧ್ಯವಾಗಿ ಸೆಪ್ಟೆಂಬರ್‌ನಲ್ಲಿ ಅದು ನಿಂತಲ್ಲೇ ಮುಳುಗಿತು. ಕಲ್ಲಿದ್ದಲನ್ನು ಹೊರತೆಗೆದರು, ಹಡಗನ್ನು ಬಿಟ್ಟರು.

ಇದರಲ್ಲಿ ನಿಧಿಯಿಲ್ಲ, ದುರಂತದ ರೋಚಕತೆಯೂ ಇಲ್ಲ. ಟೋಬರ್ಮೊರಿ ಎಂಬ ಹೆಸರು ಸ್ಕಾಟ್ಲೆಂಡಿನ ಒಂದು ಊರಿನಿಂದ ಬಂದದ್ದು. ಆ ಮೂಲ ಟೋಬರ್ಮೊರಿಯ ಕೊಲ್ಲಿಯಲ್ಲಿ 1588ರಲ್ಲಿ ಸ್ಪೇನಿನ ನೌಕಾದಳದ ಹಡಗೊಂದು ಸ್ಫೋಟಗೊಂಡು ಮುಳುಗಿತು. ಅದರಲ್ಲಿ ಚಿನ್ನವಿದೆಯೆಂದು ನಂಬಿ ಜನ ಶತಮಾನಗಳ ಕಾಲ ಕೆಸರು ಬಗೆದರು. ಕೆನಡಾದ ಹಡಗಿಗೆ ಅಂಥ ಕೀರ್ತಿ ಇಲ್ಲದಿದ್ದುದೇ ಪುಣ್ಯ. ನಮ್ಮ ಕಡೆ ಹಳೆಯ ಗುಡಿಗಳ ಗರ್ಭಗುಡಿಯನ್ನು ನಿಧಿಗಾಗಿ ಅಗೆದವರನ್ನು ಕಂಡ ನನಗೆ ಇದು ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ನೂರನಲವತ್ತು ವರ್ಷ ನೀರಿನಲ್ಲಿದ್ದ ಮರ ಹೇಗೆ ಉಳಿಯಿತು ಎಂಬ ಪ್ರಶ್ನೆ ಮೇಷ್ಟರಾದವರಿಗೆ ಬರಲೇಬೇಕು. ಸಮುದ್ರದಲ್ಲಿ ಮರವನ್ನು ಕೊರೆದು ತಿನ್ನುವ ಹಡಗುಹುಳುವಿದೆ. ಹೆಸರಿಗೆ ಹುಳುವಾದರೂ ಅದು ಕಪ್ಪೆಚಿಪ್ಪಿನ ಜಾತಿಗೆ ಸೇರಿದ ಜೀವಿ. ಬೆಚ್ಚನೆಯ ಉಪ್ಪುನೀರಿನಲ್ಲಿ ಅದಕ್ಕೆ ಒಂದು ಹಡಗು ಕೆಲವೇ ವರ್ಷಗಳ ಊಟ. ಸಿಹಿನೀರಿನಲ್ಲಿ ಅದು ಬದುಕುವುದಿಲ್ಲ. ಜೊತೆಗೆ ನೀರು ತಣ್ಣಗಿದ್ದರೆ ಮರವನ್ನು ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸವೂ ನಿಧಾನವಾಗುತ್ತದೆ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ‘ವಾಸಾ’ ಯುದ್ಧನೌಕೆಯನ್ನು 1961ರಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಮೇಲೆತ್ತಲು ಸಾಧ್ಯವಾದದ್ದೂ ಬಾಲ್ಟಿಕ್ ಸಮುದ್ರದ ನೀರು ತಣ್ಣಗಿದ್ದು, ಉಪ್ಪು ಕಡಿಮೆಯಿದ್ದು, ಈ ಹುಳು ಅಲ್ಲಿಲ್ಲದ ಕಾರಣಕ್ಕೆ. ನಮ್ಮನ್ನು ನಡುಗಿಸುವ ಚಳಿಯೇ ಹಡಗನ್ನು ಕಾಯುತ್ತದೆ.

ಆ ಚಳಿಯ ಬಗ್ಗೆ ಒಂದಿಷ್ಟು ಹೇಳಬೇಕು. 2024ರ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗಿದ್ದಾಗ ಅವಳು ಸ್ಕೂಬಾ ಕಲಿಯುತ್ತಿದ್ದಳು. ‘ಅಪ್ಪಾ, ನಿಮಗ ಈಸಾಕ ಬರ್ತದ. ಸುಮ್ನ ಮನ್ಯಾಗ ಕುಂತು ಏನ್ ಮಾಡ್ತೀರಿ, ಬರ್ರಿ’ ಎಂದು ನನ್ನ ಹೆಸರನ್ನೂ ಬರೆಸಿದಳು. ಈಸು ನಾನು ಕಲಿತದ್ದು ನಮ್ಮ ಹೊಲದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ, ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ನಿಂತ ಕಾಕಾನ ಕೈಯಲ್ಲಿ. ‘ಅಂಜಬ್ಯಾಡ, ಕೈಕಾಲು ಬಡಿ, ನೀರು ನಿನ್ನ ಹಿಡಿತೈತಿ’ ಎಂಬಲ್ಲಿಗೆ ಪಾಠ ಮುಗಿಯಿತು. ಇಲ್ಲಿ ತೇಲಲು ಬುರುಡೆ ಕಟ್ಟುವ ಬದಲು ಮುಳುಗಲು ಸೊಂಟಕ್ಕೆ ಸೀಸದ ಗಟ್ಟಿ ಕಟ್ಟಿದರು. ಏಳು ಮಿಲಿಮೀಟರ್ ದಪ್ಪದ ರಬ್ಬರಿನಂಥ ಉಡುಪಿನಲ್ಲಿ ಲಕ್ಷಾಂತರ ಗಾಳಿಗುಳ್ಳೆಗಳಿರುತ್ತವೆ. ಅದು ನಮ್ಮನ್ನು ಮೇಲಕ್ಕೆಳೆಯುತ್ತದೆ, ಅದನ್ನು ಸರಿದೂಗಿಸಲು ಸೀಸ. ಉಡುಪಿನ ಒಳಗೆ ತುಸು ನೀರು ನುಗ್ಗುತ್ತದೆ, ಮೈಯ ಶಾಖದಿಂದ ಬೆಚ್ಚಗಾಗುತ್ತದೆ, ಅಲ್ಲೇ ನಿಲ್ಲುತ್ತದೆ. ತಲೆಗೆ ಟೊಪ್ಪಿಗೆ, ಕೈಗೆ ಗವಸು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ಮೈಯ ಶಾಖವನ್ನು ಹೀರುತ್ತದೆ. ಅಂದು ಮಣಿಕಟ್ಟಿನ ಕಂಪ್ಯೂಟರ್ ತೋರಿಸಿದ ಉಷ್ಣತೆ 13 ಡಿಗ್ರಿ. ಧನುರ್ಮಾಸದ ಬೆಳಗಿನ ಬಾವಿಯ ನೀರು ಇದರ ಮುಂದೆ ಬಿಸಿನೀರು!

ಆದರೆ ಈ ಸೀಸ ಕಟ್ಟುವ ಹಂತ ಬರುವ ಮೊದಲು ಎಷ್ಟು ಬಾಗಿಲು ದಾಟಬೇಕಾಯಿತೆಂಬುದು ಮುಖ್ಯ. ಮೊದಲು ಆರೋಗ್ಯದ ಪ್ರಶ್ನಾವಳಿ. 45 ದಾಟಿದವರಿಗೆ ಪ್ರಶ್ನೆಗಳು ಹೆಚ್ಚು. ನಾನು ರಕ್ತದೊತ್ತಡದ ಗುಳಿಗೆ ತೆಗೆದುಕೊಳ್ಳುವವನಾದ್ದರಿಂದ ವೈದ್ಯರ ಸಹಿ ಇಲ್ಲದೆ ಮುಂದೆ ಹೋಗುವಂತಿರಲಿಲ್ಲ. ಬಳಿಕ ಓದು, ಪರೀಕ್ಷೆ, ಈಜುಕೊಳದಲ್ಲಿ ಅಭ್ಯಾಸ. 200 ಮೀಟರ್ ಈಜಬೇಕು, ಹತ್ತು ನಿಮಿಷ ಯಾವ ಆಸರೆಯೂ ಇಲ್ಲದೆ ತೇಲಬೇಕು. ಮುಖವಾಡದೊಳಗೆ ನೀರು ತುಂಬಿದರೆ ನೀರಿನಡಿಯಲ್ಲೇ ಅದನ್ನು ಖಾಲಿ ಮಾಡಬೇಕು, ಬಾಯಿಂದ ಉಸಿರುಕೊಳವೆ ಕಳಚಿದರೆ ಗಾಬರಿಯಾಗದೆ ಹುಡುಕಿ ಮತ್ತೆ ಕಚ್ಚಿಕೊಳ್ಳಬೇಕು, ಜೊತೆಗಾರನ ಗಾಳಿ ಮುಗಿದರೆ ನಮ್ಮದನ್ನು ಹಂಚಿಕೊಳ್ಳಬೇಕು. ಇಷ್ಟಾದ ಮೇಲೆ ತೆರೆದ ನೀರಿನಲ್ಲಿ ನಾಲ್ಕು ಮುಳುಗುಗಳು. ಐದನೆಯದಕ್ಕೆ ಹಡಗು. ಅದಕ್ಕೂ ಮುನ್ನ ಉದ್ಯಾನದ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು.

ಆರು ಮೀಟರ್ ಆಳಕ್ಕೆ ಇಷ್ಟೆಲ್ಲ ಏಕೆ? ನಮ್ಮೂರಿನ ದೊಡ್ಡ ಬಾವಿಗಳೇ ಅದಕ್ಕಿಂತ ಆಳವಲ್ಲವೇ? ಮೂವತ್ತು ವರ್ಷ ನಾನು ಕಪ್ಪುಹಲಗೆಯ ಮೇಲೆ ಬರೆದ ಬಾಯ್ಲ್‌ನ ನಿಯಮದಲ್ಲಿ ಇದಕ್ಕೆ ಉತ್ತರವಿದೆ. ಅದನ್ನು ಕಿವಿಯಲ್ಲಿ ಅನುಭವಿಸಿದ್ದು ಮಾತ್ರ ಅಲ್ಲಿಯೇ. ಪ್ರತಿ ಹತ್ತು ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಆರು ಮೀಟರ್‌ನಲ್ಲಿ ಸುಮಾರು 1.6 ವಾತಾವರಣ. ಬಾವಿಯ ತಳದಿಂದ ಕಾಸು ಹೆಕ್ಕಿ ತರುವ ಹುಡುಗ ಮೇಲಿನಿಂದಲೇ ಉಸಿರು ಹಿಡಿದು ಹೋಗುತ್ತಾನೆ. ಅವನ ಎದೆಯ ಗಾಳಿ ಕೆಳಗೆ ಕುಗ್ಗಿ, ಮೇಲೆ ಬರುವಾಗ ಮೊದಲಿನಷ್ಟಾಗುತ್ತದೆ, ಅಷ್ಟೆ. ಸ್ಕೂಬಾದವನು ಹಾಗಲ್ಲ. ಅವನು ಸಿಲಿಂಡರಿನಿಂದ ಅದೇ ಆಳದ ಒತ್ತಡದಲ್ಲಿ ಗಾಳಿ ಸೇದುತ್ತಾನೆ. ಎದೆ ತುಂಬ ಅದನ್ನು ಹಿಡಿದುಕೊಂಡು, ಗಾಬರಿಯಿಂದ ಮೇಲಕ್ಕೆ ಚಿಮ್ಮಿದರೆ ಆ ಗಾಳಿ 1.6 ಪಟ್ಟು ಹಿಗ್ಗಲು ಹವಣಿಸುತ್ತದೆ. ಶ್ವಾಸಕೋಶಕ್ಕೆ ಅಷ್ಟು ಹಿಗ್ಗುವ ಶಕ್ತಿಯಿಲ್ಲ. ಮೂವತ್ತು ಮೀಟರ್‌ನಿಂದ ಇಪ್ಪತ್ನಾಲ್ಕಕ್ಕೆ ಏರಿದರೆ ಇದೇ ಗಾಳಿ ಹಿಗ್ಗುವುದು ಆರನೆಯ ಒಂದು ಭಾಗಕ್ಕೂ ತುಸು ಹೆಚ್ಚು ಮಾತ್ರ. ಅಂದರೆ ಒತ್ತಡದ ಪ್ರಮಾಣ ಅತಿ ವೇಗವಾಗಿ ಬದಲಾಗುವುದು ಮೇಲಿನ ಈ ಕೆಲವು ಮೀಟರ್‌ಗಳಲ್ಲಿಯೇ. ‘ಆಳವಿಲ್ಲ, ಆದ್ದರಿಂದ ಅಪಾಯವಿಲ್ಲ’ ಎಂಬುದು ಇಲ್ಲಿ ಸಲ್ಲದು. ಉಸಿರನ್ನು ಎಂದೂ ಹಿಡಿಯಬೇಡಿ ಎಂಬುದು ಸ್ಕೂಬಾದ ಮೊದಲ ಸೂತ್ರ. ಬಾವಿಯಲ್ಲಿ ಈಸು ಕಲಿತ ನಮ್ಮಂಥವರ ಮೈಗೆ ಹತ್ತಿದ ಅಭ್ಯಾಸಕ್ಕೆ ಇದು ಪೂರ್ತಿ ವಿರುದ್ಧ. ಚಳಿಯ ನೀರಿಗೆ ಮುಖ ತಾಗಿದೊಡನೆ ಏದುಸಿರು ಬರುತ್ತದೆ. ಹೊಸಬರು ಕಂಗೆಡುವುದು ಆಗ. ನಮ್ಮ ಶಿಕ್ಷಕಿ ಮೊದಲ ಎರಡು ನಿಮಿಷ ಏನನ್ನೂ ಮಾಡಗೊಡದೆ ಮೇಲ್ಮೈಯಲ್ಲಿ ಮುಖ ಅದ್ದಿಸಿ ಉಸಿರಾಡಿಸಿದರು.

ಇಳಿದ ಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಮೊದಲು ತಿಳಿಹಸಿರು ಬೆಳಕು. ಅದರೊಳಗಿನಿಂದ ಮೂಡಿದ ಒಂದು ಕಪ್ಪು ಏಣು. ಹತ್ತಿರವಾದಂತೆ ಅದು ಹಡಗಿನ ಮುಂಭಾಗವಾಯಿತು. ಲಂಗರು ಎತ್ತುವ ದಪ್ಪ ಮರದ ರಾಟೆ ಇದ್ದಲ್ಲೇ ಇದೆ. ಹಲಗೆಗಳ ಸಾಲು, ಮೊಳೆಯ ತಲೆಗಳು, ಅಂಚಿನ ಕಟಾಂಜನದ ಉಳಿದ ಭಾಗ. ನಮ್ಮ ಹಳೆಯ ಮನೆಗಳ ಮಾಳಿಗೆಯಲ್ಲಿ ತೊಲೆ-ಜಂತಿಗಳನ್ನು ಜೋಡಿಸಿದ ಬಡಗಿಯ ಲೆಕ್ಕಾಚಾರವನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಸತ್ತ ವಸ್ತುವೆಂದು ಒಮ್ಮೆಯೂ ಅನ್ನಿಸಲಿಲ್ಲ. ಕೆಲಸಗಾರರು ಊಟಕ್ಕೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ ಎಂಬಂತಿತ್ತು. ತುಸು ದೂರದಲ್ಲಿ 1907ರಲ್ಲಿ ಬೆಂಕಿಗೆ ಆಹುತಿಯಾಗಿ ಮುಳುಗಿದ ‘ಸಿಟಿ ಆಫ್ ಗ್ರ್ಯಾಂಡ್ ರಾಪಿಡ್ಸ್’ ಎಂಬ ಉಗಿಹಡಗಿನ ಅವಶೇಷವೂ ಇದೆ. ಅದು ನನ್ನನ್ನು ಅಷ್ಟಾಗಿ ಸೆಳೆಯಲಿಲ್ಲ.

ಹಡಗಿನ ಅಟ್ಟದಲ್ಲಿ ಸರಕು ಇಳಿಸುವ ಚೌಕ ಬಾಯಿಗಳಿವೆ. ಒಳಗೆ ಇಣುಕಬಹುದು, ಹೋಗುವಂತಿಲ್ಲ. ಇದಕ್ಕೆ ನಮ್ಮ ಸುರಕ್ಷತೆಯಷ್ಟೇ ಕಾರಣವಲ್ಲ. ಒಳಹೊಕ್ಕವರು ಬಿಡುವ ಉಸಿರಿನ ಗುಳ್ಳೆಗಳು ಅಟ್ಟದ ಹಲಗೆಗಳ ಅಡಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಬ್ಬನ ಗುಳ್ಳೆಯಿಂದ ಏನೂ ಆಗದು. ಬೇಸಿಗೆಯೊಂದರಲ್ಲಿ ಬರುವ ಎಲ್ಲರ ಗುಳ್ಳೆಗಳು ಸೇರಿದರೆ ಅವು ಹಲಗೆಯನ್ನು ಕೆಳಗಿನಿಂದ ಎತ್ತತೊಡಗುತ್ತವೆ, ಮೊಳೆ ಸಡಿಲಾಗುತ್ತದೆ. ನೋಡಲು ಬಂದವರ ಉಸಿರೇ ಹಡಗಿಗೆ ಮುಳುವು. ಅಟ್ಟ ಕುಸಿಯದಂತೆ ಉದ್ಯಾನದವರು ಆಸರೆಗಳನ್ನು ಕೊಟ್ಟಿದ್ದಾರೆ. ಇದಲ್ಲದೆ 1980ರ ದಶಕದ ಕೊನೆಯಲ್ಲಿ ಸರಕುಹಡಗುಗಳ ತಳದ ನೀರಿನೊಡನೆ ಯುರೋಪಿನ ಕಡೆಯಿಂದ ಬಂದ ಪಟ್ಟೆಚಿಪ್ಪುಗಳು ಈ ಮಹಾಸರೋವರಗಳನ್ನು ವ್ಯಾಪಿಸಿವೆ. ಅವು ನೀರನ್ನು ಸೋಸಿ ತಿಳಿಯಾಗಿಸುತ್ತವೆ, ನೋಡುವವರಿಗೆ ಅನುಕೂಲ; ಆದರೆ ಮುಳುಗಿದ ಹಡಗುಗಳ ಮೈಗೇ ಅಂಟಿ ಬೆಳೆಯುತ್ತವೆ.

ಹಾಗಾದರೆ ಜನರನ್ನೇ ಬಿಡದಿದ್ದರಾಯಿತಲ್ಲ? ನಮ್ಮಲ್ಲಾದರೆ ಹಾಗೆಯೇ ಮಾಡುತ್ತಿದ್ದೆವೇನೋ. ಒಂದು ಫಲಕ, ಒಂದು ಮುಳ್ಳುತಂತಿ. ಆಮೇಲೆ ತಂತಿಯ ಕೆಳಗೆ ನುಸುಳುವವರದೇ ರಾಜ್ಯ. ಟೋಬರ್ಮೊರಿಯಲ್ಲಿ ಗಾಜಿನ ತಳದ ದೋಣಿಯಲ್ಲಿ ಅಜ್ಜಿ-ಮೊಮ್ಮಕ್ಕಳು ಬಂದು ಮೇಲಿನಿಂದ ಹಡಗು ನೋಡುತ್ತಾರೆ. ಕಲಿತವರು ಕೆಳಗಿಳಿಯುತ್ತಾರೆ. ದೋಣಿಗೂ ಡೈವರ್‌ಗೂ ವೇಳೆ ಹಂಚಿಕೆಯಾಗಿದೆ. ಹಡಗಿನಿಂದ ಒಂದು ಮೊಳೆ ಕೂಡ ತರುವಂತಿಲ್ಲ. ತಂದರೇನಾದೀತು ಎಂದು ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗನೊಬ್ಬ ಕೇಳಿದಾಗ ಶಿಕ್ಷಕಿ ದಂಡದ ಮಾತು ಎತ್ತಲಿಲ್ಲ. ‘ಮುಂದಿನ ವಾರ ಬರುವವನಿಗೆ ಅದು ಇರುವುದಿಲ್ಲ’ ಎಂದರು.

ನಮ್ಮ ಕರಾವಳಿಗೆ ಬರೋಣ. ಕರ್ನಾಟಕದಲ್ಲಿ ಸ್ಕೂಬಾ ಎಂದರೆ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು ಹತ್ತು ನಾಟಿಕಲ್ ಮೈಲು ದೂರದ ಈ ದ್ವೀಪದ ಸುತ್ತ ಹವಳ, ಬಣ್ಣದ ಮೀನು, ಬೆಚ್ಚನೆಯ ನೀರು ಎಲ್ಲ ಇವೆ. ಈಜು ಬಾರದಿದ್ದರೂ ಚಿಂತೆಯಿಲ್ಲ ಎಂಬ ಭರವಸೆಯೊಡನೆ ಒಂದು ದಿನದ ಡೈವ್ ಸಿಗುತ್ತದೆ. ಶಿಕ್ಷಕರೊಬ್ಬರು ಹಿಡಿದುಕೊಂಡೇ ಇಳಿಸುತ್ತಾರೆ, ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಗಳ ನಿಯಮದಂತೆ ಇಂಥ ಅನುಭವಕ್ಕೆ 12 ಮೀಟರ್ ಮಿತಿ. ಇದರಲ್ಲಿ ತಪ್ಪು ಹುಡುಕುವ ಇಚ್ಛೆ ನನಗಿಲ್ಲ. ಬಯಲುಸೀಮೆಯ ಎಷ್ಟೋ ಜನ ಕಡಲ ತಳ ಕಂಡದ್ದು ಇದರಿಂದಲೇ. ಆದರೆ ಹಿಡಿದುಕೊಂಡು ಹೋದವರು ವಿಡಿಯೊ ತರುತ್ತಾರೆ, ಕಲಿತು ಹೋದವರು ಜವಾಬ್ದಾರಿ ತರುತ್ತಾರೆ. ಹವಳಕ್ಕೂ ಕಾಲು ತಾಗಬಾರದು, ಹಡಗಿಗೂ ತಾಗಬಾರದು. ತೂಗಿ ನಿಲ್ಲುವ ವಿದ್ಯೆ ಕಲಿಯದವನ ಕಾಲು ತಾಗದೇ ಇರುವುದು ಹೇಗೆ?

ಈ ಮಾತು ಈಗ ಮುಖ್ಯವಾಗಿರುವುದಕ್ಕೆ ಕಾರಣವಿದೆ. ಪೋಲೆಂಡಿನಲ್ಲಿ ನಿರ್ಮಾಣಗೊಂಡು 1985ರಲ್ಲಿ ನಮ್ಮ ನೌಕಾಪಡೆ ಸೇರಿದ ‘ಗುಲ್ದಾರ್’ ನೌಕೆ 2024ರ ಜನವರಿಯಲ್ಲಿ ನಿವೃತ್ತಿಯಾಯಿತು. 2025ರ ಫೆಬ್ರುವರಿಯಲ್ಲಿ ಅದನ್ನು ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮಕ್ಕೆ ಹಸ್ತಾಂತರಿಸಲಾಯಿತು. ಸಿಂಧುದುರ್ಗ ಜಿಲ್ಲೆಯ ನಿವತಿ ಬಂಡೆಗಳ ಬಳಿ ಮುಳುಗಿಸಿ, ಪ್ರವಾಸಿಗರಿಗೆ ಜಲಾಂತರ್ಗತ ವಸ್ತುಸಂಗ್ರಹಾಲಯ ಮಾಡುವ ಯೋಜನೆ ಅವರದು. ಹಸ್ತಾಂತರ ನಡೆದದ್ದು ನಮ್ಮ ಕಾರವಾರದಲ್ಲಿ! ಕಾರವಾರದ ಕಡಲತೀರದಲ್ಲಿ ‘ಚಪಲ್’ ಯುದ್ಧನೌಕೆ 2006ರಿಂದ ದಡದ ಮೇಲೆ ನಿಂತು ಜನರಿಗೆ ದರ್ಶನ ಕೊಡುತ್ತಿದೆ. ನೆರೆಯವರನ್ನು ನೋಡಿ ನಾವೂ ಒಂದು ಹಡಗು ಮುಳುಗಿಸೋಣ ಎಂಬ ಉತ್ಸಾಹ ಇಂದಲ್ಲ ನಾಳೆ ನಮ್ಮ ಸರ್ಕಾರಕ್ಕೂ ಬಂದೀತು. ಬರಲಿ. ಮುಳುಗಿಸುವ ಮುನ್ನ ಎಣ್ಣೆ, ವೈರು, ವಿಷಕಾರಿ ಬಣ್ಣ ತೆಗೆದು ಶುಚಿಗೊಳಿಸುವುದು ಒಂದು ಖರ್ಚು. ನೋಡಲು ಹೋಗುವವರನ್ನು ಸಿದ್ಧಗೊಳಿಸುವುದು ಇನ್ನೊಂದು. ನಮ್ಮ ಅಂದಾಜುಪಟ್ಟಿಗಳಲ್ಲಿ ಎರಡನೆಯದಕ್ಕೆ ಸಾಲು ಇರುವುದು ಅಪರೂಪ.

ತಾನಾಗಿಯೇ ಮುಳುಗಿದ ಹಡಗುಗಳೂ ನಮ್ಮಲ್ಲಿವೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಟಪಾಡಿಯ ಬಳಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಸುಮಾರು 8,000 ಟನ್ ಉಕ್ಕಿನ ಸುರುಳಿಗಳೊಡನೆ ಮುಳುಗಿತು. ಸಿರಿಯಾದ ಹದಿನೈದು ನಾವಿಕರನ್ನು ಕರಾವಳಿ ರಕ್ಷಣಾ ಪಡೆ ಪಾರುಮಾಡಿತು. ಆ ದಿನಗಳಲ್ಲಿ ನಮ್ಮ ಪತ್ರಿಕೆಗಳ ಕಾಳಜಿ ಎಣ್ಣೆ ಸೋರಿಕೆಯದಾಗಿತ್ತು. ಮೀನುಗಾರರ ಬದುಕಿನ ಪ್ರಶ್ನೆಯಾದ್ದರಿಂದ ಅದು ನ್ಯಾಯವೇ. ಅಂಥ ಹೊಸ ಹಡಗು ಪ್ರವಾಸಿ ತಾಣವಲ್ಲ, ಅಪಾಯದ ತಾಣ. ನಾನು ಹೇಳುತ್ತಿರುವುದು ಹಳೆಯದರ ಬಗ್ಗೆ.

ಗೋವಾದ ಕಡಲಿನಲ್ಲಿ ಸೇಂಟ್ ಜಾರ್ಜ್ ರೀಫ್ ಎಂಬ ಬಂಡೆಸಾಲು ಇದೆ. ದೋನಾಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಪುರಾತತ್ವಜ್ಞರು ಅಲ್ಲಿ ಮುಳುಗಿದ ಹಡಗೊಂದನ್ನು ಶೋಧಿಸಿದಾಗ ಸಿಕ್ಕಿದ್ದೇನು ಗೊತ್ತೆ? ಸುಟ್ಟಮಣ್ಣಿನ ಕಂಬದ ತುಂಡುಗಳು, ಹೊಗೆಗೂಡಿನ ಇಟ್ಟಿಗೆಗಳು, ಮಾಡಿನ ಮೂಲೆಹಂಚುಗಳು. ಅವುಗಳ ಮೇಲೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂಬ ಅಚ್ಚು! 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಸ್ಥಾಪಿಸಿದ ಹೆಂಚಿನ ಕಾರ್ಖಾನೆಯ ಮುದ್ರೆಯದು. ಕರಾವಳಿಯಲ್ಲಿ ಅಷ್ಟೇ ಅಲ್ಲ, ಘಟ್ಟದ ಮೇಲೆ ಹಾನಗಲ್ಲು, ಶಿರಸಿ, ಬನವಾಸಿಗಳ ಮನೆಗಳ ಮೇಲೂ ಮಂಗಳೂರು ಹೆಂಚು ಏರಿದೆ. ನಮ್ಮ ಮನೆಯ ಹಂಚನ್ನು ಪ್ರತಿ ಮಳೆಗಾಲದ ಮುನ್ನ ಕೈಯಾಡಿಸಿ ಸರಿಪಡಿಸುವಾಗ ಹಿಂಬದಿಯ ಅಚ್ಚಕ್ಷರಗಳನ್ನು ಓದುವುದು ನಮಗೆ, ಮಕ್ಕಳಿಗೆ, ಒಂದು ಆಟವಾಗಿತ್ತು. ‘ಸ್ವೀಪ್‌ಸ್ಟೇಕ್ಸ್’ ಕಲ್ಲಿದ್ದಲು ಹೊತ್ತು ಸರೋವರದಲ್ಲಿ ಓಡಾಡುತ್ತಿದ್ದ ಶತಮಾನದಲ್ಲಿಯೇ ನಮ್ಮ ನೆಲದ ಮಣ್ಣು ಹಂಚಾಗಿ ಅರಬ್ಬಿ ಸಮುದ್ರ ಹತ್ತಿತ್ತು. ಬೆಚ್ಚನೆಯ ಉಪ್ಪುನೀರಿನಲ್ಲಿ ಮರ ಉಳಿಯುವುದು ಕಷ್ಟ. ಸುಟ್ಟಮಣ್ಣು ಉಳಿದಿದೆ, ಅದರ ಮೇಲಿನ ಅಕ್ಷರವೂ ಉಳಿದಿದೆ.

ಈ ಕಥೆ ವಿದ್ವಾಂಸರ ಪ್ರಬಂಧಗಳಲ್ಲಿದೆ. ಕನ್ನಡದ ಶಾಲಾ ಪುಸ್ತಕಕ್ಕೆ ಬರಲು ಅದಕ್ಕೆ ಏನು ಅಡ್ಡಿ? ನೂರು ವರ್ಷಕ್ಕಿಂತ ಹೆಚ್ಚು ಕಾಲ ನೀರಿನಲ್ಲಿರುವ ಮಾನವನಿರ್ಮಿತ ಕುರುಹುಗಳನ್ನು ಪರಂಪರೆಯೆಂದು ಪರಿಗಣಿಸಿ, ಸಾಧ್ಯವಾದಷ್ಟೂ ಇದ್ದಲ್ಲೇ ಉಳಿಸಬೇಕೆಂದು ಯುನೆಸ್ಕೊದ 2001ರ ಒಡಂಬಡಿಕೆ ಹೇಳುತ್ತದೆ. ಇದ್ದಲ್ಲೇ ಉಳಿಸಬೇಕೆಂದರೆ ನೋಡಬೇಕಾದವರು ಅಲ್ಲಿಗೆ ಹೋಗಲು ಕಲಿಯಬೇಕು. ಅದು ಶ್ರೀಮಂತರ ಹವ್ಯಾಸವಲ್ಲವೇ ಎಂದು ಗೆಳೆಯರೊಬ್ಬರು ಮೂದಲಿಸಿದರು. ಖರ್ಚಿನ ಮಟ್ಟಿಗೆ ಅವರ ಮಾತು ನಿಜ; ಟೊರಾಂಟೊದಲ್ಲಿ ನನ್ನ ಶುಲ್ಕ ಕೊಟ್ಟವಳು ಮಗಳು. ಆದರೆ ಹಾವೇರಿ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಈಜು ಕಲಿಸುತ್ತಾರೆ ಎಂದು ನಾನು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಕೃಷಿಹೊಂಡಗಳು ಬಂದ ಮೇಲೆ ನಮ್ಮ ಹೊಲಗಳಲ್ಲಿ ನೀರು ಹೆಚ್ಚಾಗಿದೆ. ನುಣುಪಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲು ಜಾರಿದ ಮಗು ಹತ್ತಿ ಬರಲಾರದ ಸುದ್ದಿಯನ್ನು ನಾವು ವರ್ಷವರ್ಷವೂ ಓದುತ್ತೇವೆ. ಸೋರೆಬುರುಡೆ ಕಟ್ಟಿ ಬಾವಿಗಿಳಿಸುವ ಕಾಕಾಗಳು ಈಗ ಕಡಿಮೆ. ಅವರ ಜಾಗಕ್ಕೆ ಬೇರೆ ಯಾರನ್ನೂ ನಾವು ನೇಮಿಸಿಲ್ಲ.

ಮುರ್ಡೇಶ್ವರದಲ್ಲಿ ಡೈವ್ ದೋಣಿಗಳ ಹಂಗಾಮು ಮಳೆ ಮುಗಿದ ಮೇಲೆ ಅಕ್ಟೋಬರ್ ಹೊತ್ತಿಗೆ ಆರಂಭವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಆ ಅವಧಿಯಲ್ಲಿ, ಘಟ್ಟದ ಮೇಲಿನ ಹೈಸ್ಕೂಲುಗಳಿಂದ ಹತ್ತು-ಹತ್ತು ಮಕ್ಕಳನ್ನು ಕರೆದೊಯ್ದು, ಮೊದಲೆರಡು ದಿನ ಈಜುಕೊಳದಲ್ಲಿ ಉಸಿರಾಡುವುದನ್ನೂ ತೂಗಿ ನಿಲ್ಲುವುದನ್ನೂ ಕಲಿಸಿ, ಮೂರನೆಯ ದಿನ ದೋಣಿ ಹತ್ತಿಸುವ ಒಂದು ಶಿಬಿರವನ್ನು ಪ್ರವಾಸೋದ್ಯಮ ಮತ್ತು ಶಿಕ್ಷಣ ಇಲಾಖೆಗಳು ಸೇರಿ ನಡೆಸಬಹುದು. ಮಕ್ಕಳು ಬರಿಗೈಯಲ್ಲಿ ಹೋಗುವುದು ಬೇಡ. ಮನೆಯ ಮಾಡಿನಿಂದ ಬಿದ್ದ ಒಂದು ಒಡೆದ ಹಂಚಿನ ತುಂಡು ಜೊತೆಗಿರಲಿ, ಅದರ ಹಿಂದಿನ ಅಚ್ಚನ್ನು ಓದಿಕೊಂಡು ಬಂದಿರಲಿ. ಸೇಂಟ್ ಜಾರ್ಜ್ ರೀಫಿನ ಪಾಠವನ್ನು ಅಲ್ಲಿಂದ ಆರಂಭಿಸಬಹುದು.